ಹೆಸರಿನ ಅರ್ಥ, ಹೆಸರಿನ ಚರಿತ್ರೆ: ಕನ್ನಡ ಶಾಸನಗಳಲ್ಲಿ ಸಂಸ್ಕೃತ ಅಂಕಿತನಾಮಗಳು

ನಮ್ಮ ವ್ಯಾಕರಣ ಗ್ರಂಥಗಳು ನಾಮಪದವನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ವಿಂಗಡಿಸುತ್ತವೆ. ನದಿ, ಬೆಟ್ಟ ಎಂಬವು ರೂಢಿಯಿಂದ ಬಂದವು. ವ್ಯಾಪಾರಿ, ಕುರುಡ ಎಂಬವು ಅರ್ಥಕ್ಕೆ ಅನುಗುಣವಾಗಿ ಬಂದವು. ಭೀಮ, ಗಂಗೆ ಎಂಬವು ವ್ಯವಹಾರಕ್ಕಾಗಿ ಇಟ್ಟುಕೊಂಡವು. ಶಾಲೆಯಲ್ಲಿ ಕಂಠಪಾಠ ಮಾಡಿ ಮರೆತುಬಿಡುವ ಈ ವಿಭಾಗದ ಹಿಂದೆ ಒಂದು ಸೂಕ್ಷ್ಮ ತಿಳಿವಳಿಕೆಯಿದೆ. ಅಂಕಿತನಾಮಕ್ಕೂ ಅನ್ವರ್ಥನಾಮಕ್ಕೂ ಸಂಬಂಧವಿರಬೇಕಾದ ಅಗತ್ಯವಿಲ್ಲ ಎಂಬುದೇ ಆ ತಿಳಿವಳಿಕೆ. ಧನಪಾಲನೆಂಬುವನು ಬಡವನಾಗಿರಬಹುದು. ಹೆಸರಿಗೆ ಅರ್ಥವಿರುತ್ತದೆ ನಿಜ. ಆದರೆ ಆ ಅರ್ಥ ಹೆಸರು ಹೊತ್ತವನ ಕುರಿತು ಏನನ್ನೂ ಹೇಳದಿರಬಹುದು. ಅವನ ಕುರಿತು ಹೇಳಬಲ್ಲದ್ದು ಹೆಸರಿನ ಚರಿತ್ರೆ: ಅದನ್ನು ಯಾರು, ಯಾವಾಗ, ಯಾವ ಕಾರಣಕ್ಕಾಗಿ ಇಟ್ಟರು, ಜನರ ಬಾಯಲ್ಲಿ ಅದು ಯಾವ ರೂಪ ತಾಳಿತು ಎಂಬ ವಿವರ.

ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಸಾಹಿತ್ಯಚರಿತ್ರೆಯಲ್ಲೂ ರಾಜಕೀಯ ಚರಿತ್ರೆಯಲ್ಲೂ ಕೆಲವು ದುಡುಕಿನ ತೀರ್ಮಾನಗಳು ಹುಟ್ಟಿಕೊಂಡಿವೆ. ವ್ಯಕ್ತಿಯ ಹೆಸರನ್ನು ನೋಡಿ ಅವನ ಮತವನ್ನು ನಿರ್ಧರಿಸುವುದು, ಪ್ರತ್ಯಯವನ್ನು ನೋಡಿ ಜಾತಿಯನ್ನು ಹೇಳುವುದು, ತದ್ಭವ ರೂಪವನ್ನು ಕಂಡು ಅದು ಸಂಸ್ಕೃತಮೂಲದ್ದಲ್ಲವೆಂದು ತಳ್ಳಿಹಾಕುವುದು ಇಂಥವು. ಸಂಸ್ಕೃತಮೂಲದ ಹೆಸರುಗಳ ನಿಯಮಗಳನ್ನೂ ಕನ್ನಡ ನಾಡಿನಲ್ಲಿ ಅವು ಸಾಗಿದ ದಾರಿಯನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಸೂತ್ರಕಾರರ ನಿಯಮ, ಜನರ ನಡೆ

ಹೆಸರಿಡುವುದನ್ನು ಒಂದು ಸಂಸ್ಕಾರವೆಂದು ಪರಿಗಣಿಸಿದ ಗೃಹ್ಯಸೂತ್ರಗಳು ಅದಕ್ಕೆ ಸ್ಪಷ್ಟ ವಿಧಿಯನ್ನು ಹೇಳಿವೆ. ಪಾರಸ್ಕರ ಗೃಹ್ಯಸೂತ್ರದ ಪ್ರಕಾರ ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದ್ದಾಗಿರಬೇಕು, ಘೋಷಾಕ್ಷರದಿಂದ ಆರಂಭವಾಗಬೇಕು, ನಡುವೆ ಯ, ರ, ಲ, ವಗಳಲ್ಲೊಂದು ಇರಬೇಕು, ಕೃದಂತವಾಗಿರಬೇಕೇ ಹೊರತು ತದ್ಧಿತಾಂತವಾಗಿರಬಾರದು. ಹೆಣ್ಣುಮಗುವಿನ ಹೆಸರು ಬೆಸ ಸಂಖ್ಯೆಯ ಅಕ್ಷರಗಳದ್ದು, ಆಕಾರಾಂತ, ತದ್ಧಿತಾಂತ. ವ್ಯಾಕರಣವನ್ನು ಏಕೆ ಓದಬೇಕು ಎಂಬ ಪ್ರಶ್ನೆಗೆ ಪತಂಜಲಿ ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಕೊಡುವ ಕಾರಣಗಳಲ್ಲಿ ಇದೂ ಒಂದು: ಕೃತ್ ಯಾವುದು, ತದ್ಧಿತ ಯಾವುದು ಎಂದು ತಿಳಿಯದವನು ಮಗನಿಗೆ ಸರಿಯಾದ ಹೆಸರನ್ನು ಇಡಲಾರ.

ಹೆಣ್ಣಿನ ಹೆಸರಿಗೆ ತದ್ಧಿತವನ್ನೂ ಗಂಡಿನ ಹೆಸರಿಗೆ ಕೃತ್ತನ್ನೂ ವಿಧಿಸಿರುವುದು ಬರಿಯ ವ್ಯಾಕರಣದ ಮಾತಲ್ಲ. ಕೃತ್ ಪ್ರತ್ಯಯ ಧಾತುವಿಗೆ, ಅಂದರೆ ಕ್ರಿಯೆಗೆ ಹತ್ತುತ್ತದೆ. ತದ್ಧಿತ ಪ್ರತ್ಯಯ ಇನ್ನೊಂದು ನಾಮಕ್ಕೆ ಹತ್ತುತ್ತದೆ. ದ್ರೌಪದಿ, ಜಾನಕಿ, ವೈದೇಹಿ, ಗಾಂಧಾರಿ, ಕೈಕೇಯಿ ಎಂಬ ಹೆಸರುಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಇವೆಲ್ಲ ತಂದೆಯ ಅಥವಾ ತವರು ನಾಡಿನ ಹೆಸರಿನಿಂದ ಸಾಧಿತವಾದವು. ದ್ರುಪದನ ಮಗಳಿಗೆ ಕೃಷ್ಣೆಯೆಂಬ ಸ್ವಂತ ಹೆಸರಿದ್ದರೂ ಲೋಕ ಅವಳನ್ನು ದ್ರೌಪದಿಯೆಂದೇ ಕರೆಯಿತು.

ಬ್ರಾಹ್ಮಣನಿಗೆ ಶರ್ಮ, ಕ್ಷತ್ರಿಯನಿಗೆ ವರ್ಮ, ವೈಶ್ಯನಿಗೆ ಗುಪ್ತ ಎಂಬ ಅಂತ್ಯಪದಗಳನ್ನೂ ಇದೇ ಸೂತ್ರ ಹೇಳುತ್ತದೆ. ಮನುಸ್ಮೃತಿ ಇನ್ನೂ ಮುಂದೆ ಹೋಗಿ, ಶೂದ್ರನ ಹೆಸರು ಜುಗುಪ್ಸೆ ಹುಟ್ಟಿಸುವಂತಿರಬೇಕೆಂದು ವಿಧಿಸುತ್ತದೆ. ನಾಮಕರಣದಲ್ಲೇ ಮನುಷ್ಯನ ಸ್ಥಾನವನ್ನು ಗೊತ್ತುಮಾಡುವ ಈ ವಿಧಿಯನ್ನು ಮರೆತು ಹೆಸರುಗಳ ಸೌಂದರ್ಯವನ್ನಷ್ಟೇ ಕೊಂಡಾಡುವುದು ಪ್ರಾಮಾಣಿಕತೆಯಾಗದು.

ಆದರೆ ಈ ನಿಯಮಗಳು ಎಷ್ಟರಮಟ್ಟಿಗೆ ನಡೆದವು? ಸುಮಾರು ಕ್ರಿ.ಶ. 150ರ ರುದ್ರದಾಮನನ ಜುನಾಗಡ ಶಾಸನ ಚಂದ್ರಗುಪ್ತ ಮೌರ್ಯನ ಕಾಲದ ಪುಷ್ಯಗುಪ್ತನೆಂಬ ಅಧಿಕಾರಿಯನ್ನು ಹೆಸರಿಸಿ, ಅವನು ವೈಶ್ಯನೆಂದು ಹೇಳುತ್ತದೆ. ಪುಷ್ಯ ನಕ್ಷತ್ರವೂ ಗುಪ್ತ ಎಂಬ ಅಂತ್ಯಪದವೂ ಇಲ್ಲಿ ಸೂತ್ರಕ್ಕೆ ಒಪ್ಪುವಂತಿವೆ. ಆದರೆ ಅರ್ಥಶಾಸ್ತ್ರದ ಕರ್ತೃವೆಂದು ಪರಂಪರೆ ಹೇಳುವ ಬ್ರಾಹ್ಮಣ ಚಾಣಕ್ಯನ ಹೆಸರು ವಿಷ್ಣುಗುಪ್ತ. ನಕ್ಷತ್ರ, ನದಿ, ಮರಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದು ಮನುಸ್ಮೃತಿ ಹೇಳಿದ್ದರೂ ರೋಹಿಣಿ, ರೇವತಿ, ಗಂಗೆ, ಯಮುನೆ, ತುಳಸಿಯರು ನಮ್ಮ ಮನೆಗಳಲ್ಲಿ ತುಂಬಿದ್ದಾರೆ. ಹೆಸರುಗಳೆಲ್ಲ ಮಂಗಳಕರವಾಗಿರಬೇಕೆಂಬ ಮಾತಿಗೂ ಅಪವಾದಗಳು ಬಹು ಹಳೆಯವು. ಐತರೇಯ ಬ್ರಾಹ್ಮಣದ ಕಥೆಯಲ್ಲಿ ಅಜೀಗರ್ತನ ಮೂವರು ಮಕ್ಕಳಾದ ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲರ ಹೆಸರುಗಳಲ್ಲಿರುವುದು ನಾಯಿ.

ಜುನಾಗಡ ಶಾಸನದ ಅರಸನ ವಂಶವೇ ಇನ್ನೊಂದು ಪಾಠ ಹೇಳುತ್ತದೆ. ಅವನು ಶಕ ಮೂಲದವನು. ಅಜ್ಜ ಚಷ್ಟನ, ತಂದೆ ಜಯದಾಮ, ತಾನು ರುದ್ರದಾಮ. ಮೂರು ತಲೆಮಾರುಗಳಲ್ಲಿ ಹೊರಗಿನ ಹೆಸರು ಕರಗಿ, ಶುದ್ಧ ಸಂಸ್ಕೃತದ ಹೆಸರು ನೆಲೆಗೊಂಡಿದೆ. ಹಾಗಾಗಿ ಸಂಸ್ಕೃತದ ಹೆಸರು ಹುಟ್ಟಿನ ಗುರುತೆನ್ನುವುದಕ್ಕಿಂತ, ಸೇರಬಯಸಿದ ಲೋಕದ ಗುರುತೆನ್ನುವುದೇ ಹೆಚ್ಚು ಸರಿ.

ಕನ್ನಡ ನಾಡಿನಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ ಕದಂಬರದು. ತಾಳಗುಂದದ ಸ್ತಂಭಶಾಸನ ವಂಶಸ್ಥಾಪಕನನ್ನು ಮಯೂರಶರ್ಮನೆಂದೇ ಕರೆಯುತ್ತದೆ. ಅವನ ಮಗ ಕಂಗವರ್ಮ. ವೇದಾಧ್ಯಯನಕ್ಕೆ ಕಂಚಿಗೆ ಹೋದವನು ಶಸ್ತ್ರ ಹಿಡಿದು ರಾಜ್ಯ ಕಟ್ಟಿದ ಕಥೆಯೆಲ್ಲ ‘ಶರ್ಮ’ ‘ವರ್ಮ’ವಾದ ಈ ಒಂದು ಪದದ ವ್ಯತ್ಯಾಸದಲ್ಲಿ ಅಡಗಿದೆ. ಆ ಸೊಗಸಾದ ಸಂಸ್ಕೃತ ಕಾವ್ಯವನ್ನು ರಚಿಸಿದ ಕವಿಯ ಹೆಸರಾದರೋ ಕುಬ್ಜ, ಅಂದರೆ ಗೂನುಬೆನ್ನಿನವನು. ಹೆಸರಿನ ಅರ್ಥಕ್ಕೂ ಅವನ ವಿದ್ವತ್ತಿಗೂ ಏನು ನಂಟು?

ಮೊಟಕುಗೊಳ್ಳುವ ಹೆಸರು

ದೊಡ್ಡ ಹೆಸರನ್ನು ಕಿರಿದುಗೊಳಿಸಿ ಕರೆಯುವುದು ಹಳ್ಳಿಗರ ರೂಢಿಯೆಂದು ಹಲವರು ತಿಳಿದಿದ್ದಾರೆ. ಪಾಣಿನಿ ಇದಕ್ಕೆ ಸೂತ್ರಗಳನ್ನೇ ರಚಿಸಿದ್ದಾನೆ. ಅನುಕಂಪೆ, ಪ್ರೀತಿ ತೋರುವಾಗ ಹೆಚ್ಚು ಸ್ವರಗಳುಳ್ಳ ಮನುಷ್ಯನಾಮದಲ್ಲಿ ಎರಡನೆಯ ಸ್ವರದ ಮುಂದಿನ ಭಾಗ ಲೋಪವಾಗಿ ಪ್ರತ್ಯಯ ಸೇರುತ್ತದೆ. ಹೀಗೆ ದೇವದತ್ತನು ದೇವಿಕ, ದೇವಿಯ, ದೇವಿಲನಾಗುತ್ತಾನೆ. ನಮ್ಮಲ್ಲಿ ನರಸಿಂಹ ನರಸಪ್ಪನಾಗುವುದು, ಸುಬ್ರಹ್ಮಣ್ಯ ಸುಬ್ಬಣ್ಣನಾಗುವುದು, ವೆಂಕಟರಮಣ ವೆಂಕಪ್ಪನಾಗುವುದು ಇದೇ ಬಗೆಯ ವ್ಯಾಪಾರ. ವ್ಯತ್ಯಾಸವಿರುವುದು ಪ್ರತ್ಯಯದಲ್ಲಿ. ಸಂಸ್ಕೃತ ಅಲ್ಲಿ ‘ಇಕ’, ‘ಇಲ’ಗಳನ್ನು ಸೇರಿಸಿದರೆ ಕನ್ನಡ ಅಪ್ಪ, ಅಣ್ಣ, ಅಯ್ಯ, ಅಕ್ಕ, ಅವ್ವ, ಅಬ್ಬೆ ಎಂಬ ಬಂಧುವಾಚಕಗಳನ್ನೇ ತಂದು ಸೇರಿಸಿತು. ಹೆಸರು ಹಿಡಿದು ಕರೆಯುವುದೂ ನಂಟನ್ನು ಹೇಳುವುದೂ ಕನ್ನಡದಲ್ಲಿ ಒಂದೇ ಉಸಿರಿನ ಕೆಲಸವಾಯಿತು.

ಇದರ ಪ್ರಾಚೀನತೆಗೆ ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೇ ಸಾಕ್ಷಿ. ಅಲ್ಲಿ ಮೃಗೇಶ, ಪಶುಪತಿ ಎಂಬ ತತ್ಸಮ ಹೆಸರುಗಳ ಪಕ್ಕದಲ್ಲಿಯೇ ವಿಜ ಅರಸ ಎಂಬ ಹೆಸರಿದೆ. ‘ವಿಜ’ ಎಂಬುದು ವಿಜಯದ ಕಿರಿದು ರೂಪವಾಗಿರಬಹುದು, ‘ಅರಸ’ ಕನ್ನಡದ್ದು. ಕನ್ನಡದ ಮೊದಲ ಶಾಸನಗಳ ಕಾಲಕ್ಕಾಗಲೇ ಎರಡು ಪದ್ಧತಿಗಳೂ ಜೊತೆಜೊತೆಯಾಗಿ ನಡೆದಿದ್ದವು.

ರಾಷ್ಟ್ರಕೂಟರ ಕಾಲಕ್ಕೆ ಬಂದರೆ ಒಬ್ಬನೇ ಅರಸನಿಗೆ ಎರಡು ರೂಪದ ಹೆಸರುಗಳು ಸಾಮಾನ್ಯ. ಸಂಸ್ಕೃತ ಪ್ರಶಸ್ತಿಯ ಕೃಷ್ಣ ಕನ್ನಡ ಶಾಸನಗಳಲ್ಲಿ ಕನ್ನರ, ಗೋವಿಂದ ಗೊಜ್ಜಿಗ, ಧ್ರುವ ಧೋರ. ಜನಸಾಮಾನ್ಯರಲ್ಲಿ ಬ್ರಹ್ಮ ಬಮ್ಮನಾದ, ಯಕ್ಷಿ ಜಕ್ಕಿಯಾದಳು, ಸಿಂಹ ಸಿಂಗನಾದ, ಲಕ್ಷ್ಮಿ ಲಕ್ಕಿಯಾದಳು, ರತ್ನ ರನ್ನವಾಯಿತು. ಇವು ಅಜ್ಞಾನದಿಂದಾದ ಅಪಭ್ರಂಶಗಳಲ್ಲ, ನಿಯಮಬದ್ಧ ಧ್ವನಿವ್ಯತ್ಯಾಸಗಳು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇವಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಯಜ್ಞ ಎಂಬುದು ಜನ್ನವಾಗುವ ನಿಯಮವನ್ನು ಜನಿವಾರವೆಂಬ ಪದದಲ್ಲಿ ನಾವು ಇಂದಿಗೂ ಬಳಸುತ್ತಿದ್ದೇವೆ. ಹಾಗೆಂದು ಕವಿ ಜನ್ನನ ಹೆಸರು ಯಜ್ಞದಿಂದಲೇ ಬಂದಿತೆಂದು ಆ ಒಂದು ನಿಯಮದ ಬಲದಿಂದ ಸಾಧಿಸಲಾಗದು. ಜನಾರ್ದನ ಎಂಬುದೂ ಮೊಟಕಾಗಿ ಜನ್ನನಾಗಬಲ್ಲದು. ಧ್ವನಿನಿಯಮ ಸಾಧ್ಯತೆಯನ್ನು ತೋರಿಸುತ್ತದೆ. ವ್ಯಕ್ತಿಯ ವಿಷಯದಲ್ಲಿ ನಿರ್ಣಯಕ್ಕೆ ಬೇರೆ ಆಧಾರ ಬೇಕು.

ಬಿಟ್ಟಿದೇವನೂ ವಿಷ್ಣುವರ್ಧನನೂ

ಈ ಎಚ್ಚರದ ಅಗತ್ಯವನ್ನು ಹೊಯ್ಸಳ ಚರಿತ್ರೆಯಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಜೈನನಾಗಿದ್ದ ಬಿಟ್ಟಿದೇವ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ, ತನ್ನ ಹೆಸರನ್ನು ವಿಷ್ಣುವರ್ಧನ ಎಂದು ಬದಲಿಸಿಕೊಂಡನೆಂಬ ಕಥೆ ಪಠ್ಯಪುಸ್ತಕಗಳ ಮೂಲಕ ಮನೆಮಾತಾಗಿದೆ. ಈ ಕಥೆಯಲ್ಲಿ ಬಿಟ್ಟಿದೇವ ಎಂಬುದು ಜೈನ ಹೆಸರು, ವಿಷ್ಣುವರ್ಧನ ಎಂಬುದು ವೈಷ್ಣವ ಹೆಸರು ಎಂಬ ಗ್ರಹಿಕೆ ಅಡಗಿದೆ.

ಭಾಷೆಯ ದೃಷ್ಟಿಯಿಂದ ನೋಡೋಣ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ಸಾಮಾನ್ಯ ನಿಯಮ. ವಸತಿಯೆಂಬುದು ಬಸದಿಯಾದದ್ದೂ ವೀರ ಬೀರನಾದದ್ದೂ ಹೀಗೆಯೇ. ‘ಷ್ಣ’ ಎಂಬ ಒತ್ತಕ್ಷರ ‘ಟ್ಟ’ ಆಗುವುದಕ್ಕೆ ಕೃಷ್ಣ ಕಿಟ್ಟಣ್ಣನಾಗುವ ಇಂದಿನ ಬಳಕೆಯೇ ಸಾಕ್ಷಿ. ಎರಡನ್ನೂ ಕೂಡಿಸಿದರೆ ವಿಷ್ಣು ಎಂಬುದು ಬಿಟ್ಟಿಯಾಗುತ್ತದೆ. ಇದು ಬರಿಯ ಊಹೆಯಲ್ಲ. ಹೊಯ್ಸಳರಿಗಿಂತ ಐದು ಶತಮಾನ ಹಿಂದೆ, ಇಮ್ಮಡಿ ಪುಲಕೇಶಿಯ ತಮ್ಮನೂ ವೆಂಗಿಯ ಚಾಲುಕ್ಯ ಶಾಖೆಯ ಮೂಲಪುರುಷನೂ ಆದ ಕುಬ್ಜ ವಿಷ್ಣುವರ್ಧನನಿಗೆ ಬಿಟ್ಟರಸ ಎಂಬ ಹೆಸರೂ ಇದ್ದುದನ್ನು ಅವನ ಸಾತಾರಾ ತಾಮ್ರಪಟ ತಿಳಿಸುತ್ತದೆ. ಬಿಟ್ಟಿ ಮತ್ತು ವಿಷ್ಣು ಒಂದೇ ಹೆಸರಿನ ಎರಡು ಉಡುಪುಗಳು. ಹೊಯ್ಸಳ ರಾಜಕುಮಾರನಿಗೆ ಹುಟ್ಟಿದಾಗ ಇಟ್ಟ ಹೆಸರಿನಲ್ಲಿಯೇ ವಿಷ್ಣು ಇದ್ದ. ಅರಸನ ಧಾರ್ಮಿಕ ಒಲವು ಕಾಲಾನುಕ್ರಮದಲ್ಲಿ ಬದಲಾಯಿತೇ, ಎಷ್ಟು ಬದಲಾಯಿತು ಎಂಬುದು ಬೇರೆಯೇ ಚರ್ಚೆ. 1117ರಲ್ಲಿ ಬೇಲೂರಿನ ವಿಜಯನಾರಾಯಣ ದೇವಾಲಯದ ಪ್ರತಿಷ್ಠೆಯಂಥ ಘಟನೆಗಳನ್ನು ಆ ಚರ್ಚೆಯಲ್ಲಿ ಪರಿಗಣಿಸಬೇಕು. ಆದರೆ ಹೆಸರಿನ ಬದಲಾವಣೆಯನ್ನು ಮತಾಂತರದ ಪುರಾವೆಯಾಗಿ ಮಂಡಿಸಲು ಬರುವುದಿಲ್ಲ.

ಅವನೇ ಹೆಸರಿಟ್ಟ ಒಂದು ಸಂದರ್ಭ ಶಾಸನದಲ್ಲಿ ದಾಖಲಾಗಿದೆ. 1133ರಲ್ಲಿ, ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಪ್ರತಿಷ್ಠೆಯಾದ ಬಳಿಕ ಅರ್ಚಕರು ಶೇಷೆಯನ್ನು ತೆಗೆದುಕೊಂಡು ಬಂಕಾಪುರದಲ್ಲಿದ್ದ ಅರಸನ ಬಳಿಗೆ ಹೋದರು. ಆ ಹೊತ್ತಿಗೆ ವಿಷ್ಣುವರ್ಧನ ಮಸಣನೆಂಬ ವೈರಿಯನ್ನು ಗೆದ್ದಿದ್ದ. ರಾಣಿ ಲಕ್ಷ್ಮಿಗೆ ಗಂಡುಮಗು ಹುಟ್ಟಿತ್ತು. ಮೂರೂ ಶುಭಗಳು ಒಟ್ಟಿಗೆ ಒದಗಿದ್ದರಿಂದ ಸಂತೋಷಗೊಂಡ ಅರಸ ಬಸದಿಯ ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಜಿನನಿಗೂ ರಾಜಕುಮಾರನಿಗೂ ಒಂದೇ ‘ವಿಜಯ’. ಒಬ್ಬನಲ್ಲಿ ತೀರ್ಥಂಕರ, ಇನ್ನೊಬ್ಬನಲ್ಲಿ ವಿಷ್ಣುವಿನ ಅವತಾರ. ವೈಷ್ಣವನಾಗಿ ಜಿನಧರ್ಮವನ್ನು ತೊರೆದನೆಂದು ಕಥೆ ಹೇಳುವ ಅರಸ ಮಾಡಿದ ನಾಮಕರಣವಿದು. ನಿಘಂಟನ್ನು ತೆರೆದು ‘ವಿಜಯ ಎಂದರೆ ಗೆಲುವು’ ಎಂದು ಬರೆದುಕೊಂಡರೆ ಈ ಸಂಗತಿಯಲ್ಲಿ ಯಾವುದೂ ದೊರೆಯದು. ಇಲ್ಲಿ ವಿಜಯವೆಂದರೆ ಒಂದು ನಿರ್ದಿಷ್ಟ ಗೆಲುವು, ಒಂದು ನಿರ್ದಿಷ್ಟ ದಿನ. ಸೋತವನ ಹೆಸರೂ ಗಮನಾರ್ಹ: ಮಸಣ ಎಂಬುದು ಶ್ಮಶಾನದ ತದ್ಭವ.

ಮತಕ್ಕೂ ಹೆಸರಿಗೂ ಇರುವ ಸಡಿಲ ನಂಟು

ಪಂಪನ ವಂಶಾವಳಿಯನ್ನು ವಿಕ್ರಮಾರ್ಜುನ ವಿಜಯ ತಿಳಿಸುತ್ತದೆ: ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಭೀಮಪ್ಪಯ್ಯ, ಪಂಪ. ಮೊದಲ ಹೆಸರಿನಲ್ಲಿ ಯಜ್ಞದ ಹೊಗೆಯಿದೆ. ಕೊಮರಯ್ಯ ಎಂಬಲ್ಲಿ ಸಂಸ್ಕೃತದ ಕುಮಾರ ಕನ್ನಡದ ಅಯ್ಯನೊಡನೆ ಕೂಡಿಕೊಂಡಿದ್ದಾನೆ. ಜಿನಧರ್ಮವನ್ನು ಸ್ವೀಕರಿಸಿದವನು ಭೀಮಪ್ಪಯ್ಯ. ಆದರೆ ಅವನ ಹೆಸರು ಭೀಮನದ್ದಾಗಿಯೇ ಉಳಿಯಿತು. ಮತದ ಬದಲಾವಣೆ ಹೆಸರಿನಲ್ಲಿ ಕಾಣಿಸಿಕೊಂಡದ್ದು ಮುಂದಿನ ತಲೆಮಾರಿನಲ್ಲಿ. ಪಂಪನ ತಮ್ಮ ಜಿನವಲ್ಲಭ. ಅವನು ಬರೆಯಿಸಿದ ಕುರ್ಕ್ಯಾಲದ ಶಾಸನದಲ್ಲಿ ತಾಯಿ ಅಬ್ಬಣಬ್ಬೆಯ ತವರಿನ ಹಿರಿಯ ಅಣ್ಣಿಗೇರಿಯ ಜೋಯಿಸ ಸಿಂಘ. ಜ್ಯೌತಿಷವೂ ಸಿಂಹವೂ ಅಲ್ಲಿ ಮನೆಮಾತಿನ ರೂಪದಲ್ಲಿವೆ.

ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ, 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದ ಪರಮ ಜಿನಭಕ್ತನ ಹೆಸರು ಚಾವುಂಡರಾಯ. ಅದರ ಮೂಲ ಚಾಮುಂಡ, ಎಂದರೆ ಶಾಕ್ತ ಪರಂಪರೆಯ ಉಗ್ರದೇವತೆಯ ಹೆಸರು. ಮೂರ್ತಿಯ ಪಾದದ ಬಳಿಯ ಕನ್ನಡ ಸಾಲಿನಲ್ಲಿ ‘ಚಾಮುಂಡ’ ಎಂದೂ ಮರಾಠಿ ಸಾಲಿನಲ್ಲಿ ‘ಚಾವುಂಡ’ ಎಂದೂ ಇದೆ. ಗಾಮುಂಡ ಗಾವುಂಡನಾಗಿ ಗೌಡನಾದ ದಾರಿಯೂ ಇದೇ. ಗೊಮ್ಮಟ ಎಂಬ ಹೆಸರಿನ ಬಗೆಗೂ ಎರಡು ದಾರಿಗಳಿವೆ. ಗೋವಿಂದ ಪೈಯವರು ಅದನ್ನು ಮನ್ಮಥ ಶಬ್ದದಿಂದ ಸಾಧಿಸಿದರು, ಆ. ನೇ. ಉಪಾಧ್ಯೆಯವರು ಅದು ಚಾವುಂಡರಾಯನ ಮನೆಯ ಹೆಸರೆಂದೂ ಗೊಮ್ಮಟನ ದೇವನೇ ಗೊಮ್ಮಟೇಶ್ವರನೆಂದೂ ವಾದಿಸಿದರು. ಒಬ್ಬರು ಹುಡುಕಿದ್ದು ಶಬ್ದದ ಅರ್ಥವನ್ನು. ಇನ್ನೊಬ್ಬರು ಹುಡುಕಿದ್ದು ಶಬ್ದದ ಚರಿತ್ರೆಯನ್ನು. ನೇಮಿಚಂದ್ರರ ಗ್ರಂಥಕ್ಕೆ ಗೊಮ್ಮಟಸಾರವೆಂಬ ಹೆಸರಿರುವುದನ್ನು ನೆನೆದರೆ ಎರಡನೆಯ ದಾರಿಗೆ ಬಲ ಹೆಚ್ಚು.

ಈ ಸಡಿಲ ನಂಟನ್ನು ಜೈನ ಪರಂಪರೆ ಅರಿತೇ ಪೋಷಿಸಿತೆನ್ನಬಹುದು. ಜಿನಸೇನಾಚಾರ್ಯರ ಆದಿಪುರಾಣ ಹೇಳುವ ಗೃಹಸ್ಥ ಕ್ರಿಯೆಗಳಲ್ಲಿ ನಾಮಕರ್ಮವೂ ಒಂದು. ಜಿನನ 1008 ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿಟ್ಟು, ಅದರಿಂದ ಒಂದನ್ನು ಎತ್ತಿ ಮಗುವಿಗೆ ಇಡುವ ಘಟಪತ್ರ ವಿಧಾನವನ್ನು ಅವರು ಹೇಳಿದ್ದಾರೆ. ಅದೇ ಪುರಾಣದ ಜಿನಸಹಸ್ರನಾಮದಲ್ಲಿ ಸ್ವಯಂಭೂ, ಶಂಭು ಮೊದಲಾದ ಹೆಸರುಗಳಿವೆ. ಅಂದಮೇಲೆ ಶಾಸನವೊಂದರಲ್ಲಿ ಶಂಭು ಎಂಬ ಹೆಸರು ಕಂಡ ಮಾತ್ರಕ್ಕೆ ಅವನು ಶೈವನೆಂದು ಹೇಳುವುದು ಹೇಗೆ? ಅಪಭ್ರಂಶ ಭಾಷೆಯಲ್ಲಿ ಪಉಮಚರಿಉ ಬರೆದ ಜೈನ ಮಹಾಕವಿಯ ಹೆಸರೇ ಸ್ವಯಂಭೂ. ಜಿನಸೇನರನ್ನು ಗುರುವೆಂದು ಗೌರವಿಸಿದ ಅಮೋಘವರ್ಷನ ಹುಟ್ಟುಹೆಸರು ಶರ್ವ, ಅದೂ ಶಿವನದ್ದೇ.

ಕೆಲವೊಮ್ಮೆ ಹೆಸರಿನ ಮೂಲ ಸಂಸ್ಕೃತವೂ ಅಲ್ಲ, ದೇವರೂ ಅಲ್ಲ, ಋಣ. ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನ ಮಗನ ಹೆಸರು ರಾಯ, ಮಗಳ ಹೆಸರು ಅತ್ತಿಮಬ್ಬೆ. ರಾಯ ಎಂಬುದು ಚಾವುಂಡರಾಯನನ್ನು ಕರೆಯುತ್ತಿದ್ದ ಹೆಸರು. ಅತ್ತಿಮಬ್ಬೆಯಾದರೋ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ, ರನ್ನನಿಂದ ಅಜಿತಪುರಾಣವನ್ನು ಬರೆಸಿದ ದಾನಚಿಂತಾಮಣಿ. ತನ್ನನ್ನು ಬೆಳೆಸಿದವರಿಬ್ಬರನ್ನೂ ಕವಿ ತನ್ನ ಮನೆಯಲ್ಲಿ ದಿನವೂ ಕೂಗಿ ಕರೆಯುವಂತೆ ಮಾಡಿಕೊಂಡ. ಇದನ್ನು ಯಾವ ನಿಘಂಟು ಹೇಳೀತು?

ಇಂದಿನ ಹೆಸರುಗಳು

ಈಗ ಮಗು ಹುಟ್ಟುವ ಮೊದಲೇ ತಾಯ್ತಂದೆಯರು ಹೆಸರುಗಳ ಪಟ್ಟಿಯನ್ನು ತೆರೆಯುತ್ತಾರೆ. ಅಪರೂಪದ ಹೆಸರು ಬೇಕು, ಅದಕ್ಕೊಂದು ಸಂಸ್ಕೃತದ ಅರ್ಥವೂ ಬೇಕು. ಬೇಡಿಕೆ ಇರುವಲ್ಲಿ ಅರ್ಥವೂ ತಯಾರಾಗುತ್ತದೆ. ಬಹು ಜನಪ್ರಿಯವಾದ ‘ಆರವ್’ ಎಂಬ ಹೆಸರಿಗೆ ಇಂಥ ಪಟ್ಟಿಗಳಲ್ಲಿ ಶಾಂತ, ಮಧುರ ನಾದ ಎಂಬ ವಿವರಣೆ ಕಾಣುತ್ತದೆ. ಸಂಸ್ಕೃತದಲ್ಲಿ ಆರವ ಎಂದರೆ ಕೂಗು, ಗದ್ದಲ. ಇದಕ್ಕೆ ವಿರುದ್ಧವಾಗಿ, ಅಸೂಯೆಯಿಲ್ಲದವಳೆಂಬ ಅರ್ಥದ ಅನಸೂಯಾ ಎಂಬುದು ನಮ್ಮಲ್ಲಿ ಅನುಸೂಯ ಎಂದಾಗಿ, ನಿಷೇಧಾರ್ಥದ ‘ಅನ್’ ಕಾಣೆಯಾಗಿದೆ. ಹಾಗೆಂದು ಅನುಸೂಯಮ್ಮನವರ ಸ್ವಭಾವಕ್ಕೆ ಏನೂ ಕುಂದಾಗಲಿಲ್ಲ. ಹೆಸರು ಅಂಕಿತವಾಗಿಯೇ ಕೆಲಸ ಮಾಡಿತು.

ನನ್ನನ್ನು ಕಾಡುವುದು ತಪ್ಪು ಅರ್ಥಗಳಿಗಿಂತ ಹೆಚ್ಚಾಗಿ, ಹಳೆಯ ಹೆಸರುಗಳ ಬಗೆಗಿನ ನಾಚಿಕೆ. ಅಜ್ಜಿಯ ಹೆಸರು ಲಕ್ಕವ್ವ, ಅಜ್ಜನ ಹೆಸರು ಬಮ್ಮಪ್ಪ ಎಂದು ಹೇಳಲು ಸಂಕೋಚಪಡುವ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ಕಾಣುತ್ತೇನೆ. ಲಕ್ಷ್ಮಿ ಎಂದರೆ ಸುಸಂಸ್ಕೃತ, ಲಕ್ಕವ್ವ ಎಂದರೆ ಒರಟು ಎಂಬ ಭಾವನೆ ಅವರಲ್ಲಿ ಬೇರೂರಿದೆ. ಗಂಗರಾಜನ ಹೆಂಡತಿ ಲಕ್ಷ್ಮೀಮತಿಯನ್ನು ಶಾಸನಗಳು ಲಕ್ಕಲೆಯೆಂದೂ ಕರೆದಿವೆಯೆಂಬುದನ್ನು ಅವರಿಗೆ ತೋರಿಸಬೇಕಾಗುತ್ತದೆ. ಸಾಲುಸಾಲಾಗಿ ಮಕ್ಕಳನ್ನು ಕಳೆದುಕೊಂಡ ತಾಯಿ, ಉಳಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಕರೆದಳು; ಸಾವು ಇದನ್ನು ಕಸವೆಂದು ಬಿಟ್ಟುಹೋಗಲಿ ಎಂಬುದು ಅವಳ ಹರಕೆ. ಮನುಸ್ಮೃತಿ ವಿಧಿಸಿದ ಜುಗುಪ್ಸೆಯ ಹೆಸರಿಗೂ ಈ ಹೆಸರಿಗೂ ಮೇಲ್ನೋಟಕ್ಕೆ ಹೋಲಿಕೆ ಕಂಡರೂ, ಅದು ಹೊರಗಿನಿಂದ ಹೇರಿದ್ದು, ಇದು ಕರುಳಿನಿಂದ ಬಂದದ್ದು. ಅರ್ಥಕೋಶ ಇವೆರಡನ್ನೂ ಬೇರ್ಪಡಿಸಲಾರದು.

ಸಂಶೋಧನೆಗೆ ತೊಡಗುವವರಿಗೆ ಕೊನೆಯದಾಗಿ ಒಂದು ಮಾತು. ಶಾಸನಗಳ ನಾಮಸೂಚಿಯನ್ನು ಸಿದ್ಧಪಡಿಸುವಾಗ ಬಿಟ್ಟಿಗನನ್ನು ವಿಷ್ಣುವಾಗಿಯೂ ಕನ್ನರನನ್ನು ಕೃಷ್ಣನಾಗಿಯೂ ತಿದ್ದಿ ಬರೆಯುವ ಮೋಹ ಬೇಡ. ಕಲ್ಲಿನ ಮೇಲೆ ಇದ್ದ ರೂಪವನ್ನೇ ಮೊದಲು ಬರೆದುಕೊಳ್ಳಿ. ಅದರ ಪಕ್ಕದಲ್ಲಿ ಊರು, ಕಾಲ, ತಂದೆ, ತಾಯಿ, ಮಕ್ಕಳ ಹೆಸರುಗಳನ್ನೂ ದಾನ ಪಡೆದ ದೇವರ ಹೆಸರನ್ನೂ ಸೇರಿಸಿ. ಮೂಲ ಸಂಸ್ಕೃತ ಶಬ್ದವನ್ನು ಇವೆಲ್ಲ ಆದಮೇಲೆ ಕೊನೆಯ ಅಂಕಣದಲ್ಲಿ, ಅಗತ್ಯವಿದ್ದರೆ ಪ್ರಶ್ನಾರ್ಥಕ ಚಿಹ್ನೆಯೊಡನೆ, ದಾಖಲಿಸಿದರೆ ಸಾಕು.